ಹಲಸಿನೆಲೆಯ ಕಿರೀಟ

ಕ್ಲಾಟೆನ್, ಜಾವಾ
6 ಆಗಸ್ಟ್ 1971, ಶುಕ್ರವಾರ

ಕುಸ್ತಿನಾ ಅಕ್ಕನ ಜಗಲಿಯಲ್ಲಿ ನೆರೆದ ಮಹಾಜನರೇ, ಮೊಮ್ಮಕ್ಕಳೇ, ಒಲೆ ಮುಂದೆ ಸೋಯಾಕಾಳಿನ ಟೆಂಪೆ ಕರಿಯುತ್ತಿರುವ ಭಾವನವರೇ! ಅಕ್ಕ ನನ್ನ ಕಾಗದವನ್ನು ಗಟ್ಟಿಯಾಗಿಯೇ ಓದುತ್ತಾರೆಂದು ಬಲ್ಲೆ. ಸದ್ದು ಮಾಡದೆ ಕೇಳಿ: ತುಮಿನಿ ಮಾತಾಡಿದಳು!

ಅಕ್ಕ, ನನ್ನ ಒಂದನೇ ತರಗತಿಯ ಈ ಹುಡುಗಿ ಸೇರಿದ ದಿನದಿಂದ ತುಟಿ ಬಿಚ್ಚಿರಲಿಲ್ಲ. ಹೆಡ್‌ಮಾಸ್ಟರ್ ಸುಮರ್ನೊ ಅವರು, "ಶುಕ್ರವಾರ ನಾನೇ ಬಂದು ನೋಡ್ತೀನಿ. ಆಗ್ಲೂ ಬಾಯಿ ಬಿಡ್ದಿದ್ರೆ ಮನೇಲಿರ್ಲಿ, ಮುಂದಿನ ವರ್ಷ ನೋಡೋಣ" ಎಂದುಬಿಟ್ಟಿದ್ದರು. ಹಾಗೆ ಮನೆಗೆ ಹೋದ ಹೆಣ್ಣುಮಕ್ಕಳು ತಿರುಗಿ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು.

ಆಗ ದಾರಿ ತೋರಿಸಿದವರು ನೀವು. "ಮಗು ದಡ್ಡಿ ಅಲ್ಲ ಕಣೋ ಗಿಮಾನ್. ಮನೆಮಾತು ಬರುತ್ತೆ, ಮರ್ಯಾದೆ ಮಾತು ಬರಲ್ಲ. ಮೇಷ್ಟ್ರಿಗೆ 'ನೀನು' ಅಂದ್ಬಿಟ್ರೆ ಅಂತ ನಾಲಿಗೆ ಕಚ್ಕೊಂಡಿದಾಳೆ. ಅವಳನ್ನ ಮೇಲೆ ಕೂರ್ಸು, ನೀನು ಕೆಳಗೆ ಕೂತ್ಕೊ" ಎಂದಿರಿ. ನಮ್ಮಲ್ಲಿ ಸಿಕ್ಕವರನ್ನೆಲ್ಲ ಏಕವಚನದಲ್ಲಿ ಕರೆಯಬಲ್ಲವರು ಸಿಂಹಾಸನದಲ್ಲಿ ಕುಳಿತವರೇ ಅಲ್ಲವೇ!

ಹಲಸಿನೆಲೆಗಳಿಗೆ ಕಡ್ಡಿ ಚುಚ್ಚಿ ಕಿರೀಟ ಕಟ್ಟಿದೆ. ಇಂದು ಅದನ್ನು ತುಮಿನಿಯ ತಲೆಗಿಟ್ಟು, ನನ್ನ ಕುರ್ಚಿಯಲ್ಲಿ ಕೂರಿಸಿ, ಚಾಪೆಯ ಮೇಲೆ ಮಂಡಿಯೂರಿ, ಹೆಂಚು ಹಾರುವಂತೆ ಗರ್ಜಿಸಿದೆ: "ಮಹಾರಾಣಿ! ಈ ಬಡ ಪ್ರಜೆಗೆ ಲೆಕ್ಕ ಬಾರದು. ಐದು ಬಾಳೆಹಣ್ಣಿಗೆ ಮೂರು ಸೇರಿದರೆ ಎಷ್ಟು? ಅಪ್ಪಣೆಯಾಗಲಿ!"

ಅವಳು ಕಿರೀಟ ಮುಟ್ಟಿ ನೋಡಿಕೊಂಡಳು. "ಎಂಟು ಕಣೋ," ಎಂದಳು. "ಅಷ್ಟೂ ಗೊತ್ತಿಲ್ವಾ ನಿಂಗೆ?"

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರ್! ನಾನು ಏಳುವ ಮೊದಲೇ ಮಹಾರಾಣಿಯ ಬೆರಳು ಅತ್ತ ಚಾಚಿತು. "ಲೇ ಕನ್ನಡಕ! ಅಲ್ಲ್ಯಾಕೋ ನಿಂತಿದೀಯ? ಒಳಗೆ ಬಾ, ಕೂತ್ಕೋ!"

ಸುಮರ್ನೊ ಅವರ ಮುಖ ಕೆಂಪೇರಿತು. ಕಿರೀಟ ನೋಡಿದರು, ಮಂಡಿಯೂರಿದ್ದ ನನ್ನನ್ನು ನೋಡಿದರು. ಆಮೇಲೆ ಬೂಟು ಕಳಚಿ, ನನ್ನ ಪಕ್ಕದಲ್ಲೇ ಚಾಪೆಗಿಳಿದು, ಮುಗಿದ ಕೈಗಳನ್ನು ಮೂಗಿನವರೆಗೆ ಎತ್ತಿದರು. "ತಡವಾಯಿತು, ಮಹಾರಾಣಿ. ಕ್ಷಮೆಯಿರಲಿ."

ಹೊರಡುವಾಗ ನನ್ನ ಕಿವಿಯಲ್ಲಿ, "ಇವಳನ್ನ ಮನೆಗೆ ಕಳ್ಸೋಕೆ ನಾನ್ಯಾರ್ರೀ!" ಎಂದರು.

ಆ ಮಗು ಶಾಲೆಯಲ್ಲಿ ಉಳಿದದ್ದು ನಿಮ್ಮಿಂದ. ಈ ಋಣಕ್ಕೆ ಇಲ್ಲಿಂದಲೇ ತಲೆಬಾಗುತ್ತೇನೆ.

ನಿಮ್ಮ ತಮ್ಮ,
ಗಿಮಾನ್

ಇನ್ನೊಂದು ಮಾತು, ಇದು ನಿಮ್ಮೊಬ್ಬರಿಗೇ: ನಮ್ಮ ಮನೆಯಲ್ಲೂ ಮರ್ಯಾದೆ ಮಾತು ಯಾರಿಗೂ ಬರುತ್ತಿರಲಿಲ್ಲ. ನಾಟಕ ಮಂಡಳಿಯಲ್ಲಿ ಮಂತ್ರಿಯ ಪಾತ್ರ ಸಿಕ್ಕಿತು, ರಾಜನಿಗೆ ಮರ್ಯಾದೆಯಿಂದ ಹೇಳುವ ಅದರ ಸಂಭಾಷಣೆಯಿಂದ ಕಲಿತೆ. ಇಲ್ಲವಾದರೆ ನಾನೂ ಮೂಕನೇ. ನಾಳೆ ಬೆಳಿಗ್ಗೆ ಕಿರೀಟ ನಾನು ತೊಟ್ಟು, ಮಂತ್ರಿಯ ಪಾತ್ರವನ್ನು ತುಮಿನಿಗೆ ಕೊಡುತ್ತೇನೆ.