ಬದಿಗೆ ಸರಿಸಿದ ಕಿರುದ್ವೀಪಗಳು

ಗದಗ, ಫೆಬ್ರವರಿ ಮೂವತ್ತು, 2187

ಡಾ. ಹೇಮಲತಾ ಅರಳಿಕಟ್ಟಿ ಅವರಿಗೆ,

ತಾರೀಖು ನೋಡಿ ನಗಬೇಡಿ; ನಿಮ್ಮ ಕಾಲಕ್ಕಿಂತ ಒಂದೂವರೆ ಶತಮಾನ ಮುಂದಿನಿಂದ ಬರೆಯುತ್ತಿದ್ದೇನೆ, ನಮ್ಮ ಪಂಚಾಂಗವನ್ನು ಯಾವಾಗಲೋ ತಿದ್ದಲಾಗಿದೆ. ನನ್ನ ಕೆಲವು ಪದಗಳು ನಿಮಗೆ ಅಪರಿಚಿತವೆನಿಸಬಹುದು, ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಒಸರುವ ಜೀವಕೋಶಗಳ ಪುಟ್ಟ ಗುಂಪುಗಳನ್ನು, ಆ ಕಿರುದ್ವೀಪಗಳನ್ನು, ನೀವು ಪ್ರಯೋಗಾಲಯದಲ್ಲಿ ಬೆಳೆಸಿದಿರಿ. ಆ ತಳಿಯನ್ನೇ ಇಲ್ಲಿ ಪ್ರತಿ ಮಗುವಿನ ತೋಳಿನ ಚರ್ಮದಡಿ ನೆಡುತ್ತಾರೆ. ಅದಕ್ಕೆ ತೋಳ್ನಾಟಿ ಎನ್ನುತ್ತೇವೆ. ಸಕ್ಕರೆ ಕಾಯಿಲೆ ಹೋಯಿತೆಂದು ಶಾಲೆಗಳಲ್ಲಿ ನಿಮ್ಮ ಜಯಂತಿ ಮಾಡುತ್ತಾರೆ. ಆದರೆ ಮೂವತ್ತು ದಾಟುವ ಮೊದಲೇ ಹಲವರ ತೋಳ್ನಾಟಿ ದಣಿದು, ಇನ್ಸುಲಿನ್ ಒಸರುವುದನ್ನೇ ನಿಲ್ಲಿಸುತ್ತದೆ. ಮದುವೆಯ ಊಟದಲ್ಲಿ ಅಂಥವರಿಗೆ ಸಿಹಿ ಬಡಿಸದ ಬೇರೆ ಸಾಲು, 'ದಣಿದವರ ಪಂಕ್ತಿ'. ಹೋದ ವಾರ ನನ್ನ ಮೊಮ್ಮಗಳು ನೀಲವ್ವ, ತಂಗಿಯ ಮದುವೆಯಲ್ಲೇ, ಅಲ್ಲಿ ಕೂತಿದ್ದಳು. ಹೋಳಿಗೆ ಬಡಿಸುತ್ತಿದ್ದ ಅವಳ ಸೋದರಮಾವ, "ನಿನಗ ವಾಸನಿ ಸಾಕವಾ," ಎಂದು ಚೇಷ್ಟೆ ಮಾಡಿದ. "ಹಂಗಾರ ವಾಸನಿ ಮ್ಯಾಲೆ ತುಪ್ಪಾನೂ ಹಾಕ್ರಿ ಮಾವಾ," ಎಂದಳು. ಸಾಲೆಲ್ಲ ನಕ್ಕಿತು. ಕೈತೊಳೆಯಲು ಎದ್ದವಳು ಅಲ್ಲೇ ಕುಸಿದಳು.

ಅವಳಿಗೆ ಇದುವರೆಗೆ, ಮಗುವಾಗಿದ್ದಾಗಿನದೂ ಸೇರಿ, ಎರಡು ಸಲ ನೆಟ್ಟಿದ್ದಾರೆ. ಎರಡೂ ದಣಿದವು. ಮೂರನೆಯದೂ ಅದೇ ತಳಿ. ಬೇರೆ ತಳಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಏಕೆ ಇಲ್ಲವೆಂದು ನಾನು ಓದಿ ತಿಳಿದುಕೊಂಡೆ. ನೀವು ಸೂಕ್ಷ್ಮದರ್ಶಕದ ಕೆಳಗೆ, ಅಕ್ಕಿ ಆರಿಸಿದ ಹಾಗೆ, ಕಿರುದ್ವೀಪಗಳನ್ನು ಕೈಯಿಂದಲೇ ಆರಿಸುತ್ತೀರಿ. ದುಂಡಗಿನವು, ಸಕ್ಕರೆ ಸೋಕಿದೊಡನೆ ಚುರುಕಾಗುವವು ಒಳಗೆ. ಅಂಚು ಹರಿದವು, ನಿಧಾನದವು ಕಸಕ್ಕೆ. ನಿಮ್ಮ ಗುರುಗಳೂ ಹಾಗೇ ಆರಿಸಿದ್ದರು, ನಿಮ್ಮ ಶಿಷ್ಯರೂ ಹಾಗೇ ಆರಿಸಿದರು. ಚುರುಕಿನವುಗಳ ಮೈಟೋಕಾಂಡ್ರಿಯಾಗಳು, ಅಂದರೆ ಜೀವಕೋಶದೊಳಗೆ ಶಕ್ತಿ ಹುಟ್ಟಿಸುವ ಆ ಪುಟ್ಟ ಒಲೆಗಳು, ಆರದೆ ಉರಿದು ಬೇಗ ಸುಟ್ಟುಹೋಗುತ್ತವೆ. ನಿಧಾನದವು ನಡುನಡುವೆ ತಣಿದು ತಮ್ಮನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದವೇನೋ. 'ಏನೋ' ಎನ್ನುತ್ತೇನೆ, ಏಕೆಂದರೆ ನೋಡೋಣವೆಂದರೆ ಒಂದನ್ನೂ ನೀವು ಉಳಿಸಿಲ್ಲ. ರಾಜಧಾನಿಯ ಪಂಡಿತರಿಗೆ ಇದನ್ನು ಬರೆದೆ. ಜಯಂತಿಗೆ ಬನ್ನಿ ಎಂದು ಆಮಂತ್ರಣ ಬಂತು.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ನೀವು ಇವತ್ತು ಆರಿಸಿ ಬದಿಗೆ ಸರಿಸಿದ ತಟ್ಟೆ ಇನ್ನೂ ಮೇಜಿನ ಮೇಲಿದ್ದರೆ ಎಸೆಯಬೇಡಿ. ವರ್ಷಗಟ್ಟಲೆ ಸಾಕಿ, ಅಳೆದು ನೋಡಿ. ನಿಮ್ಮ ಪ್ರಬಂಧ ತಡವಾಗುತ್ತದೆ, ಬೇರೆಯವರು ಮೊದಲು ಪ್ರಕಟಿಸುತ್ತಾರೆ, ನಿಮ್ಮ ಹೆಸರು ನಮ್ಮವರೆಗೆ ಬಾರದೆಯೂ ಹೋಗಬಹುದು. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಮೂರನೆಯ ನಾಟಿಗೆ ನಾಳೆ ಬೆಳಿಗ್ಗೆ ಕರೆದಿದ್ದಾರೆ. ನೀಲವ್ವ ಈಗಲೇ ತೋಳು ತೊಳೆದುಕೊಂಡು ಕೂತಿದ್ದಾಳೆ.

ಇತಿ,
ಸಂಗನಬಸಪ್ಪ ಮುಳಗುಂದಮಠ