ಅಪ್ಪ ಮಡಿಸಿಟ್ಟ ಅಂಚು

ಪ್ರೀತಿಯ ಮಾಮ,

ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ನಲವತ್ತು ವರ್ಷ ನಿಮ್ಮ ಪಕ್ಕದ ಹೊಲಿಗೆ ಮೆಷಿನ್ನಿನಲ್ಲೇ ದುಡಿದರು. ಬೆನ್ನು ನೆಟ್ಟಗಾಗದೆ ಹೋದರೂ, "ಕೂತು ಮಾಡೋ ಕೆಲಸಕ್ಕೆ ಎಂಥಾ ಸುಸ್ತು?" ಅಂತ ನಗುತ್ತಿದ್ದರು. ಕೊನೆಗೆ ಹೊಲಿದದ್ದು ನನ್ನ ಮಗಳ ಯೂನಿಫಾರ್ಮಿನ ಲಂಗ. ಅಂಚನ್ನು ನಾಲ್ಕು ಬೆರಳಗಲ ಒಳಗೆ ಮಡಿಸಿ, "ಬೆಳೆಯೋ ಹುಡುಗಿ. ಉದ್ದ ಆದಾಗ ನಾನೇ ಬಿಚ್ಚಿಕೊಡ್ತೀನಿ" ಅಂದಿದ್ದರು.

ಈಗ ಲಂಗ ಗಿಡ್ಡವಾಗಿದೆ, ಸ್ಕೂಲಿನಲ್ಲಿ ಬೈಯುತ್ತಿದ್ದಾರೆ. ಮೂರು ಸಲ ಕತ್ತರಿ ಹಿಡಿದು ಕೂತೆ. ಅವರ ಹೊಲಿಗೆ ಬಿಚ್ಚಲು ಕೈ ಏಳಲಿಲ್ಲ. "ಬಿಚ್ಚಲಿ ಅಂತಾನೇ ತಾತ ಮಡಿಸಿದ್ದಲ್ವಾ ಅಮ್ಮ?" ಅಂತ ಮಗಳು ಕೇಳಿದಾಗ ಒಳಗೆ ಎದ್ದು ಹೋದೆ.

ಲಂಗ ಕಳಿಸಿದ್ದೇನೆ. ನೀವೇ ಬಿಚ್ಚಿಕೊಡಿ, ಸೋಮವಾರದೊಳಗೆ ಬೇಕು. ಬಿಚ್ಚಿದ ದಾರವನ್ನು ಮಾತ್ರ ಎಸೆಯಬೇಡಿ ಮಾಮ, ಲಂಗದ ಜೊತೆಗೇ ಕೊಟ್ಟುಬಿಡಿ.

ನಿಮ್ಮ ಗೆಳೆಯನ ಮಗಳು