ಬಾಳಮ್ಮನ ಹಾಡನ್ನು ಎಲ್ಲಿ ಇಟ್ಟಿದ್ದಿರಿ?

ಮಾನ್ಯ ತಂತ್ರಾಂಶ ವಿಭಾಗದ ನಿರ್ದೇಶಕರೇ,

ನಿಮ್ಮ ತಂತ್ರಾಂಶದ ಹೊಸ ಆವೃತ್ತಿ ತೀರಿಹೋದವಳೊಬ್ಬಳ ಹಾಡನ್ನು ಅಳಿಸಿಹಾಕಿದೆ. ಎದುರಿಗೆ ನಿಂತು ಇಷ್ಟು ಹೇಳುವ ಧೈರ್ಯ ನನಗಿಲ್ಲ; ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹಳೆಯ ಹಾಡುಗಳನ್ನು ಸಂಗ್ರಹಿಸಲೆಂದು ನೀವು ಗೊಬ್ಬೂರಿನಲ್ಲಿ ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಕಂಪ್ಯೂಟರ್ ಕಳಿಸಿದಿರಿ. ಅದರಲ್ಲಿರುವುದು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆ. ಅದನ್ನು ಕಟ್ಟಿದವರು ಒಂದು ಕಟ್ಟುಪಾಡು ಮಾಡಿಟ್ಟಿದ್ದಾರೆ: ತಂತ್ರಾಂಶದ ಕಡತಗಳಿಗೆ ಒಂದು ಜಾಗ, ಬಳಸುವವರು ಕೂಡಿಟ್ಟಿದ್ದಕ್ಕೆ ಬೇರೆ ಜಾಗ. ತಂತ್ರಾಂಶ ಬದಲಾದರೂ ಜನರದ್ದು ಉಳಿಯಲಿ ಎಂದು. ನಮ್ಮಲ್ಲಿ ಮದುವೆಗೆ ಹಂದರ ಹಾಕುವವನಿಗೂ ಇದು ಗೊತ್ತು. ಮದುವೆ ಮುಗಿದ ಮೇಲೆ ತನ್ನ ಗಳ, ತನ್ನ ಬಟ್ಟೆ ಬಿಚ್ಚಿಕೊಂಡು ಹೋಗುತ್ತಾನೆ. ಹೆಸರು ಕೊರೆಸಿದ ಬಾಂಡೆ-ಪಾತ್ರೆಗಳು ಆಯಾ ಮನೆಗೆ ತಿರುಗಿ ಹೋಗುತ್ತವೆ. ನಿಮ್ಮ ತಂತ್ರಾಂಶವೋ, ನಾವು ತುಂಬಿದ ದನಿಗಳನ್ನೆಲ್ಲ ತನ್ನದೇ ಫೋಲ್ಡರಿನೊಳಗೆ ಹಾಕಿಕೊಂಡಿತು. ಹೊಸ ಆವೃತ್ತಿ ಬಂದಾಗ ಆ ಫೋಲ್ಡರನ್ನೇ ಕಿತ್ತೊಗೆಯಿತು. ಪರದೆಯ ಮೇಲೆ ‘ಸ್ಥಾಪನೆ ಯಶಸ್ವಿ’ ಎಂದು ಬಂತು. ಯಾರ ಯಶಸ್ಸು, ಸ್ವಾಮಿ?

ಬಾಳಮ್ಮ ಬೀಸುಕಲ್ಲಿಲ್ಲದೆ ಹಾಡುವವಳಲ್ಲ. "ಕೈ ತಿರಗಲಾರದ, ಬಾಯಿ ಹೆಂಗ ತಿರಗತದಬೇ?" ಎಂದಳು. ಅವಳ ಮೊಮ್ಮಗಳು ಸೀಮಾ ಮತ್ತು ನಾನು ಕಲ್ಲನ್ನು ಗ್ರಂಥಾಲಯಕ್ಕೇ ಹೊತ್ತು ತಂದೆವು. ಮುದುಕಿ ಹಿಡಿ ಜೋಳ ಹಾಕಿ, ಕಣ್ಣು ಮುಚ್ಚಿ, ಮಧ್ಯಾಹ್ನವೆಲ್ಲ ಹಾಡಿದಳು. ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು.

ಉಳಿದದ್ದು ಒಂದು ತುಣುಕು. ಮೈಕು ಪರೀಕ್ಷೆಗೆಂದು ಹಿಡಿದ ಅವಳ ಮಾತನ್ನು ನಿಮ್ಮ ತಂತ್ರಾಂಶ, ಯಾರನ್ನೂ ಕೇಳದೆ, ವ್ಯವಸ್ಥೆ ಶುರುವಾಗುವಾಗ ಕೇಳಿಸುವ ಸದ್ದುಗಳಿರುವ ಜಾಗಕ್ಕೆ ಸೇರಿಸಿತ್ತು. ಹೀಗಾಗಿ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಬಾಳಮ್ಮ ಕೇಳುತ್ತಿದ್ದಳು: "ಹಾಡ್ಲೇನಬೇ?" ಆಮೇಲೆ ಏನೂ ಇಲ್ಲ. ಓದುತ್ತಿದ್ದವರು ಪತ್ರಿಕೆ ಮಡಚಿಟ್ಟು ಎದ್ದುಹೋಗುತ್ತಿದ್ದರು. ಒಮ್ಮೆ ನಾನೇ "ಹಾಡ್ರಿ ಆಯಿ" ಎಂದುಬಿಟ್ಟೆ.

ಅಷ್ಟನ್ನಾದರೂ ಮೊಬೈಲಿನಲ್ಲಿ ಹಿಡಿದಿಟ್ಟುಕೋ ಎಂದು ಸೀಮಾಳಿಗೆ ಹೇಳಿದೆ. "ಆಯಿ ಕೇಳಿದ್ದಷ್ಟ ಇಟಗೊಂಡು ಏನ್ ಮಾಡ್ಲಿ ಅಕ್ಕಾ? ನನಗ ಹಾಡು ಬೇಕು" ಎಂದಳು.

ನಿಮ್ಮ ಸಹಾಯವಾಣಿಯವರು ಅಳಿಸಿದ್ದು ಅಳಿಸಿಹೋಯಿತು, ಮುಂದಿನ ಆವೃತ್ತಿ ಹಾಕಿಕೊಳ್ಳಿ ಎಂದು ಸಮಾಧಾನ ಹೇಳಿದರು. ಅಫಜಲಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಯೀಮ ಬೇರೆಯೇ ಹೇಳಿದ: "ಅಳಸಿದ್ದು, ಅದರ ಮ್ಯಾಲ ಇನ್ನೊಂದು ಬರಿಯೂ ತನಕಾ ಒಳಗ ಇದ್ದರೂ ಇರತದ್ರಿ ಅಕ್ಕಾ. ತಗಿಯೂದು ನನ್ನ ಕೈಲಿ ಆಗಂಗಿಲ್ಲ. ಮೊದಲ ಕಂಪ್ಯೂಟರ್ ಬಂದ್ ಮಾಡ್ರಿ." ಬಂದ್ ಮಾಡಿದ್ದೇವೆ. ಬಾಳಮ್ಮ ಈಗ ಏನನ್ನೂ ಕೇಳುವುದಿಲ್ಲ. ಆ ಕಪ್ಪು ಪರದೆಯೊಳಗೆ ಇನ್ನೂ ಹಾಡುತ್ತಿರಬಹುದೆಂಬ ಭಯ ಮಾತ್ರ ನನ್ನನ್ನು ಬಿಟ್ಟಿಲ್ಲ.

ಆಳಂದ, ಜೇವರ್ಗಿಯ ಗ್ರಂಥಾಲಯಗಳಲ್ಲಿಯೂ ಇದೇ ತಂತ್ರಾಂಶವಿದೆ. ಅಲ್ಲಿ ಹಾಡಿದವರು ಇನ್ನೂ ಬದುಕಿದ್ದಾರೆ. ಮುಂದಿನ ಆವೃತ್ತಿಗೆ ಮೊದಲು ಅವರ ದನಿಗಳನ್ನು ನಿಮ್ಮ ಫೋಲ್ಡರಿನಿಂದ ಹೊರಗೆ, ಜನರ ಜಾಗಕ್ಕೆ ಸಾಗಿಸಿ. ನಮ್ಮಲ್ಲಿಗೆ ಆವೃತ್ತಿ ಕಳಿಸಬೇಡಿ. ಅಳಿಸಿದ್ದನ್ನು ಹೊರತೆಗೆಯಬಲ್ಲವರನ್ನು ಕಳಿಸಿ.

ಸೋಮವಾರ ಹೊಸದನ್ನು ಹಾಕಲು ನಿಮ್ಮವರು ಬರುತ್ತಾರಂತೆ. ಸೀಮಾ ಕಂಪ್ಯೂಟರಿನ ಕರೆಂಟ್ ವೈರು ಕಿತ್ತು ಮನೆಗೆ ಒಯ್ದಿದ್ದಾಳೆ. ತಿರುಗಿ ಕೊಡೆಂದು ಕೇಳಲು ನನ್ನಿಂದ ಆಗುವುದಿಲ್ಲ.

ಇಂತಿ,
ನಿಮ್ಮನ್ನು ನಂಬಿ ಬಾಳಮ್ಮನನ್ನು ಮೈಕಿನ ಮುಂದೆ ಕೂರಿಸಿದ
ಭಾಗ್ಯಜ್ಯೋತಿ, ಗೊಬ್ಬೂರ